ಏಳನೆಯ ದಿಣ್ಣೆಯ ಗೆರೆ

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮುಖ ತೊಳೆಯುವುದಕ್ಕೂ ಮೊದಲು ಕೇಳುವ ಮಾತು ಒಂದೇ, ‘ಗೆರೆ ಬಿತ್ತಾ?’ ಬಿತ್ತು ಅಂದರೆ ಹಾಲಿನವನು ಕ್ಯಾನು ಏರಿಸುತ್ತಾನೆ, ಮೇಷ್ಟ್ರು ಚೀಲ ಹೆಗಲಿಗೆ ಹಾಕುತ್ತಾರೆ, ಬಸ್ಸಿನ ಡ್ರೈವರು ಬೀಡಿ ಬಿಸಾಕಿ ಮೇಲೇಳುತ್ತಾನೆ. ಬೀಳಲಿಲ್ಲ ಅಂದರೆ ಎಲ್ಲರೂ ತಿರುಗಿ ಒಳಗೆ ಹೋಗಿ ಕೂರುತ್ತಾರೆ. ದಿನದ ಮೊದಲ ಸೈಕಲ್ಲು ಯಾವ ನೆಲದ ಮೇಲೆ ಹಾಯುತ್ತದೋ ಆವತ್ತಿಗೆ ಅದೇ ದಾರಿ, ಅದೇ ಗೆರೆ. ಕತ್ತಲಾದ ಮೇಲೆ ಅದು ಅಳಿಸಿಹೋಗುತ್ತದೆ. ಗೆರೆ ಬಿಟ್ಟು ನಡೆದವನು ಎಷ್ಟು ದೂರ ನಡೆದರೂ ಕೊನೆಗೆ ತನ್ನ ಮನೆಯ ಹೊಸಿಲಿಗೇ ಬಂದು ನಿಲ್ಲುತ್ತಾನೆ. ಎತ್ತಿನ ಗಾಡಿಯಿಂದ ಗೆರೆ ಬೀಳುವುದಿಲ್ಲ, ಮೋಟಾರಿನಿಂದಲೂ ಬೀಳುವುದಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ತುಳಿಯುವವನು, ಅಷ್ಟೆ.

ತುಳಿಯುವವನಾಗಿದ್ದೆ ಅನ್ನಬೇಕು. ಏಳು ದಿಣ್ಣೆಯ ಗೆರೆಯನ್ನು ಇಪ್ಪತ್ತಾರು ವರ್ಷ ಹಾಕಿದವನು ನಾನು, ಚೆಲುವಯ್ಯ. ಊರಿನಿಂದ ಹೊರಡುವ ಗೆರೆಗಳು ನಾಲ್ಕು. ಕಾಲುವೆ ಪಕ್ಕದ್ದು ಚಪ್ಪಟೆ ನೆಲ, ಅದನ್ನು ನಾವು ಸೋಮಾರಿ ಗೆರೆ ಅನ್ನುತ್ತಿದ್ದೆವು. ಮಿಕ್ಕ ಎರಡಕ್ಕೆ ಒಂದೊಂದು ಏರು. ನನ್ನದು ಮಾತ್ರ ಏಳು ದಿಣ್ಣೆ, ಏಳು ತಗ್ಗು. ಹುರುಳಿ ಹೊಲದ ನಡುವೆ ಏರು, ಎಳ್ಳಿನ ಹೊಲದ ನಡುವೆ ಇಳಿಜಾರು, ಮತ್ತೆ ಏರು. ತಗ್ಗಿನಲ್ಲಿ ಗಾಳಿ ತಣ್ಣಗಿರುತ್ತದೆ, ನೆತ್ತಿಗೆ ಬಂದರೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಇಳಿಜಾರಿನಲ್ಲಿ ಬಿಟ್ಟ ಓಟವನ್ನು ಒಂದಿಷ್ಟೂ ಹಾಳುಮಾಡದೆ ಮುಂದಿನ ಏರಿನ ಅರ್ಧಕ್ಕೆ ತಂದು, ಅಲ್ಲಿಂದ ಎದ್ದು ನಿಂತು ತುಳಿಯಬೇಕು. ಸುಸ್ತಾಯಿತೆಂದು ಹಾವಿನಂತೆ ಅಂಕುಡೊಂಕಾಗಿ ಹತ್ತುವ ಹಾಗಿಲ್ಲ, ಆವತ್ತಿನ ದಾರಿಯೂ ಹಾಗೇ ಆಗುತ್ತದೆ. ಒಮ್ಮೆ ಅಡ್ಡ ಬಂದ ಮುಂಗುಸಿಯನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿದ್ದಕ್ಕೆ ಬಸ್ಸಿನವನು ಇಡೀ ದಿನ ಆ ಜಾಗದಲ್ಲಿ ವಾಲಾಡಿ, ಸಂಜೆ ಬಂದು ನನಗೆ ಬಾಯಿಗೆ ಬಂದಂತೆ ಬಯ್ದ. ನಮ್ಮ ಸೈಕಲ್ಲಿಗೆ ಗಂಟೆ ಇರುವುದಿಲ್ಲ. ಎಲ್ಲರಿಗಿಂತ ಮುಂದೆ ಹೋಗುವವನು ಯಾರಿಗೆ ಗಂಟೆ ಹೊಡೆಯಬೇಕು?

ಒಂದೇ ಒಂದು ಕಟ್ಟಳೆ. ಹೋಗುವಾಗಾಗಲಿ ಬರುವಾಗಾಗಲಿ ಗೆರೆಯವನ ಕಾಲು ನೆಲಕ್ಕೆ ತಾಗಬಾರದು. ಕಾಲೂರಿದಲ್ಲಿ ಗೆರೆ ಕಡಿಯುತ್ತದೆ. ನೋಡಿದರೆ ಏನೂ ಕಾಣುವುದಿಲ್ಲ, ಅದೇ ಮಣ್ಣು, ಅದೇ ಕಲ್ಲು. ಆದರೆ ಹಿಂದಿನಿಂದ ಬಂದವರು ಅಲ್ಲಿ ಕಾಲಿಟ್ಟರೆ ಈ ಕಡೆಗೂ ಬರುವುದಿಲ್ಲ, ಆ ಕಡೆಗೂ ಹೋಗುವುದಿಲ್ಲ. ಅಷ್ಟರೊಳಗೆ ದಾರಿ ಸಿಕ್ಕಿ ಹೊರಬಂದರೆ ಸರಿ, ಮರುದಿನ ಅದರ ಮೇಲೆ ಹೊಸ ಗೆರೆ ಬಿದ್ದರೆ ಮುಗಿಯಿತು, ಒಳಗಿದ್ದವರು ಒಳಗೇ. ಕಡಿದ ಜಾಗದಲ್ಲೇ ಮತ್ತೆ ಕಾಲೂರಿದರೆ ಹಳೆಯ ಕಡಿತ ಬಾಯಿಬಿಡುತ್ತದೆ ಅಂತ ಹಿರಿಯರು ಹೇಳುತ್ತಿದ್ದರು, ಮಾಡಿ ನೋಡಿದವರು ಯಾರೂ ಇರಲಿಲ್ಲ. ಅದಕ್ಕೇ ಕಾಲೂರಿದ ಗೆರೆಯವನು ಊರಿಗೆ ಬಂದವನೇ, ಪಂಚಾಯಿತಿ ಸೇರುವ ಸುಂಕದಕಟ್ಟೆಯ ಹುಣಸೆಮರಕ್ಕೆ ತನ್ನ ಸೈಕಲ್ಲನ್ನು ತಲೆಕೆಳಗಾಗಿ ನೇತುಹಾಕಬೇಕು. ದಾರಿಯುದ್ದಕ್ಕೂ ಸಿಕ್ಕವರಿಗೆ ಹೇಳುತ್ತ ಬರಬೇಕು. ಆವತ್ತು ಆ ಗೆರೆಗೆ ಯಾರೂ ಇಳಿಯುವುದಿಲ್ಲ. ಮೂರು ಸಲ ನೇತುಹಾಕಿದವನಿಂದ ಗೆರೆ ಕಿತ್ತುಕೊಳ್ಳುತ್ತಾರೆ.

ನಾನು ಎರಡು ಸಲ ನೇತುಹಾಕಿದ್ದೆ. ಎರಡೂ ಆ ಕೊನೆಯ ಎರಡು ವರ್ಷದಲ್ಲಿ, ಬಲಗಾಲಿನ ಮಂಡಿ ಕೈಕೊಡಲು ಶುರುಮಾಡಿದ ಮೇಲೆ.

ಏಳನೆಯ ದಿಣ್ಣೆ ದಾಟಿದರೆ ಹೂಕೊಪ್ಪಲು. ಬೋಗುಣಿಯಂಥ ತಗ್ಗಿನಲ್ಲಿ ನಲವತ್ತು ಮನೆ. ಸೇವಂತಿಗೆ, ಕನಕಾಂಬರ ಬಿಟ್ಟರೆ ಅಲ್ಲಿ ಬೇರೇನೂ ಬೆಳೆಯುವುದಿಲ್ಲ. ರಾಗಿಯಿಂದ ಹಿಡಿದು ಉಪ್ಪಿನವರೆಗೆ ಎಲ್ಲವೂ ನಮ್ಮೂರಿನಿಂದಲೇ ಹೋಗಬೇಕು. ಮೂರು ಕಡೆ ಬಂಡೆ. ನಾಲ್ಕನೆಯ ಕಡೆ, ಎರಡು ಬಂಡೆಗಳ ನಡುವೆ, ಒಂದು ಗಾಡಿ ಹಿಡಿಯುವಷ್ಟು ಅಗಲದ ಏರು. ಇಳಿಯುವುದೂ ಅದೇ, ಹತ್ತುವುದೂ ಅದೇ. ಆ ಏರಿನ ಬುಡದಲ್ಲಿ ನನ್ನ ಅಕ್ಕ ದೇವೀರಮ್ಮ ದಿನಾ ಮಜ್ಜಿಗೆಯ ಚೊಂಬು ಹಿಡಿದು ನಿಂತಿರುತ್ತಿದ್ದಳು. ಅವಳನ್ನು ಆ ಊರಿಗೆ ಕೊಟ್ಟು ಮೂವತ್ತು ವರ್ಷ. ನಾನು ಊರೊಳಗೆ ಒಂದು ಸುತ್ತು ಹಾಕಿ ವಾಪಸು ಬರುವಾಗ ನಿಲ್ಲದೆ ಚೊಂಬು ತೆಗೆದುಕೊಂಡು, ಗಟಗಟ ಕುಡಿದು, ಅವಳ ಕೈಗೆ ಎಸೆದು ಏರಿಗೆ ಬೀಳುತ್ತಿದ್ದೆ.

“ಮಂಡಿ ಹೆಂಗೈತೋ?” ಅನ್ನುವಳು.

“ಐತೆ ಕಣಕ್ಕ, ಜಾಗದಲ್ಲೇ ಐತೆ” ಅನ್ನುವೆ.

ನಮ್ಮಿಬ್ಬರ ಒಡಹುಟ್ಟಿನ ಮಾತುಕತೆ ದಿನಕ್ಕೆ ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಬೇಕು ಅಂತ ಇಬ್ಬರಿಗೂ ಅನ್ನಿಸಿರಲಿಲ್ಲ.

ಬಸ್ಸು ಏಳನೆಯ ದಿಣ್ಣೆ ಹತ್ತುವುದಿಲ್ಲ, ಸಾಮಾನಿನ ಗಾಡಿ ವಾರಕ್ಕೊಮ್ಮೆ; ಮಿಕ್ಕ ದಿನ ಹೂಕೊಪ್ಪಲಿನಿಂದ ನನ್ನ ಹಿಂದೆ ಹೊರಡುತ್ತಿದ್ದವಳು ಸಿಂಗಾರಿ ಒಬ್ಬಳೇ, ಮಂಚಮ್ಮನ ಮಗಳು. ಇಪ್ಪತ್ತರ ಹುಡುಗಿ. ಸೈಕಲ್ಲಿನ ಹಿಂದೆ ಎರಡು ಬುಟ್ಟಿ ಕನಕಾಂಬರ ಕಟ್ಟಿಕೊಂಡು ಊರಿಗೆ ಮಾರಲು ಬರುತ್ತಿದ್ದಳು. ಗೆರೆಯವನನ್ನು ಯಾರೂ ಹಿಂದೆ ಹಾಕುವ ಹಾಗಿಲ್ಲ, ಅದು ಅವಳಿಗೆ ನುಂಗಲಾರದ ತುತ್ತು. ಐದನೆಯ ದಿಣ್ಣೆಯ ಹೊತ್ತಿಗೆ ನನ್ನ ಬೆನ್ನಿಗೆ ಬಂದು ಗಂಟೆ ಬಾರಿಸಲು ಶುರುಮಾಡುವಳು. ಆ ಗಂಟೆಯ ಬಟ್ಟಲು ಬಿರುಕು ಬಿಟ್ಟಿತ್ತು, ‘ಟಿಣ್’ ಅಂದ ಮೇಲೆ ‘ಕಟ’ ಅಂತ ಇನ್ನೊಂದು ಸದ್ದು. “ಗೆರೆಮಾವ, ಬಿಸಿಲಿಗೆ ನನ್ ಹೂವೆಲ್ಲ ಬಾಡ್ತಾವೆ, ಒಸಿ ತುಳೀರಿ” ಅನ್ನುವಳು. ನಾನು ಬೇಕಂತಲೇ ಇನ್ನೂ ನಿಧಾನ ಮಾಡುತ್ತಿದ್ದೆ.

ಆವತ್ತು ಬೆಳಿಗ್ಗೆ ಮಂಜು ಬಿದ್ದು ಕಲ್ಲು ಜಾರುತ್ತಿತ್ತು. ಚೊಂಬು ಎಸೆದು ಏರಿಗೆ ಬಿದ್ದೆ. ಬಂಡೆಗಳ ನಡುವೆ ಅರ್ಧ ದಾರಿಯಲ್ಲಿ ಒಂದು ಜಾಲಿಗಿಡ ಇದೆ, ಅದರ ಹತ್ತಿರ ಮಂಡಿಯಲ್ಲಿ ಏನೋ ಕಳಕ್ ಅಂದು ಕಾಲಿನ ಬಲವೆಲ್ಲ ಹೋಯಿತು. ಸೈಕಲ್ಲು ನಿಂತಿತು. ಬಿದ್ದೇಬಿಡುತ್ತೇನೆ ಅನ್ನಿಸಿ ಎಡಗಾಲು ಊರಿದೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೆ. ಮತ್ತೆ ಹತ್ತಿ ತುಳಿದೆ. ನೆತ್ತಿಯಲ್ಲಿ ಒಮ್ಮೆ ತಿರುಗಿ ನೋಡಿದೆ. ಅಕ್ಕ ಏರಿನ ಬುಡದಲ್ಲಿ ಚೊಂಬು ಹಿಡಿದು ನಿಂತೇ ಇದ್ದಳು. ನೋಡಿದ್ದಾಳೆ ಅಂತ ನನಗೆ ಗೊತ್ತಾಯಿತು. ನಾನು ನೋಡಿದ್ದು ಅವಳಿಗೂ ಗೊತ್ತಾಯಿತು.

ಏನು ಮಾಡಬೇಕಿತ್ತು ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಅಲ್ಲಿಂದಲೇ ಕೂಗಿ ಹೇಳಬೇಕಿತ್ತು. ಆದರೆ ಇದು ಮೂರನೆಯ ಸಲ. ನನ್ನಿಂದ ಗೆರೆ ಹೋದರೆ ಏಳನೆಯ ದಿಣ್ಣೆ ಹತ್ತುವವರು ಇನ್ನಾರೂ ಇರಲಿಲ್ಲ. ಹೊಸಬರಿಗೆಲ್ಲ ಸೋಮಾರಿ ಗೆರೆಯೇ ಬೇಕು. ಗೆರೆಯನ್ನು ಆರನೆಯ ದಿಣ್ಣೆಗೇ ನಿಲ್ಲಿಸಿಬಿಡೋಣ ಅಂತ ಸುಂಕದಕಟ್ಟೆಯಲ್ಲಿ ಆಗಲೇ ಗುಸುಗುಸು ನಡೆದಿತ್ತು. ಹಾಗಾದರೆ ಹೂಕೊಪ್ಪಲಿನ ಗತಿ? ಅಕ್ಕನ ಗತಿ? ಇದನ್ನೆಲ್ಲ ಆ ಗಳಿಗೆಯಲ್ಲಿ ಯೋಚಿಸಿದೆ ಅಂತ ಹೇಳಿಕೊಳ್ಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಹುಣಸೆಮರಕ್ಕೆ ನೇತುಬಿದ್ದ ನನ್ನ ಸೈಕಲ್ಲೇ ಮೊದಲು ಕಣ್ಣಮುಂದೆ ಬಂದದ್ದು. ಉಳಿದದ್ದೆಲ್ಲ ಆಮೇಲೆ ಬಂತು.

ಅಕ್ಕ ತಡೆಯುತ್ತಾಳೆ ಅಂದುಕೊಂಡೆ. ಅವಳು ಬುಡದಲ್ಲೇ ನಿಂತಿದ್ದಾಳೆ, ಯಾರಾದರೂ ಹೊರಟರೆ ‘ಇವತ್ತು ಬ್ಯಾಡ’ ಅಂದರೆ ಸಾಕು. ಐದನೆಯ ದಿಣ್ಣೆ ಹತ್ತುವಾಗ ಕಿವಿ ಹಿಂದಕ್ಕೇ ಇತ್ತು. ಗಂಟೆ ಕೇಳಲಿಲ್ಲ. ಸದ್ಯ, ತಡೆದಿದ್ದಾಳೆ ಅಂತ ಸಮಾಧಾನ ಮಾಡಿಕೊಂಡು ಊರು ಸೇರಿದೆ. ಆವತ್ತು ಊರಿನಲ್ಲಿ ಕನಕಾಂಬರ ಸಿಗಲಿಲ್ಲವೆಂದು ಹೆಂಗಸರು ಹಿತ್ತಲಿನ ಸೇವಂತಿಗೆ ಮುಡಿದರು.

ಮರುದಿನ ಎಂದಿನಂತೆ ಹೊರಟೆ. ಏಳನೆಯ ದಿಣ್ಣೆಯ ನೆತ್ತಿಗೆ ಬಂದಾಗ ಕೆಳಗೆ ಬಂಡೆಗಳ ನಡುವೆ ಗಂಟೆ ಕೇಳಿತು. ಟಿಣ್, ಕಟ. ಟಿಣ್, ಕಟ. ಅಲ್ಲಿ ಯಾರೂ ಕಾಣಲಿಲ್ಲ. ನನ್ನ ಸೈಕಲ್ಲು ಇಳಿಜಾರಿಗೆ ಬಾಗಿತ್ತು. ಬ್ರೇಕು ಕೈಯಲ್ಲೇ ಇತ್ತು. ಚಕ್ರ ಜಾಲಿಗಿಡದವರೆಗೆ ಉರುಳಲು ನಾಲ್ಕೈದು ಉಸಿರಿನ ಹೊತ್ತು ಹಿಡಿದಿರಬೇಕು, ಅಷ್ಟೂ ಹೊತ್ತು ಬ್ರೇಕು ನನ್ನ ಕೈಯಲ್ಲೇ ಇತ್ತು. ನಾನು ಹಿಡಿಯಲಿಲ್ಲ. ಗೆರೆ ಮುಚ್ಚಿಕೊಂಡಿತು. ಆಮೇಲೆ ಗಂಟೆ ಕೇಳಿದ್ದು ನೆಲದ ಅಡಿಯಿಂದ, ಬಟ್ಟೆ ಸುತ್ತಿ ಬಾರಿಸಿದಷ್ಟು ಮೆತ್ತಗೆ.

ಅಕ್ಕ ಚೊಂಬು ಕೊಟ್ಟಳು. ಮಂಡಿ ಹೆಂಗೈತೆ ಅಂತ ಕೇಳಲಿಲ್ಲ.

ಸಿಂಗಾರಿ ನಮ್ಮೂರಿನಲ್ಲಿ ಉಳಿದಿದ್ದಾಳೆ ಅಂತ ಹೂಕೊಪ್ಪಲಿನವರು ಎರಡು ದಿನ ಸುಮ್ಮನಿದ್ದರು. ಅವಳು ಮನೆಬಿಟ್ಟು ಹೊರಟೇ ಇಲ್ಲ ಅಂತ ನಮ್ಮೂರಿನವರು ಅಂದುಕೊಂಡಿದ್ದರು. ಮೂರನೆಯ ದಿನ ಎರಡೂ ಕಡೆಯ ಮಾತು ಕೂಡಿತು. ಗೆರೆ ಕಡಿದಿರಲಿಲ್ಲವಲ್ಲ, ಸೈಕಲ್ಲು ನೇತುಹಾಕಿರಲಿಲ್ಲವಲ್ಲ, ಹಾಗಾದರೆ ಹುಡುಗಿ ಯಾರ ಜೊತೆಗೋ ಓಡಿಹೋಗಿರಬೇಕು ಅಂತ ತೀರ್ಮಾನವಾಯಿತು. ಕಾಲುವೆ ಕಡೆಯ ಒಬ್ಬ ಟೈಲರ್ ಅದೇ ವಾರ ಊರುಬಿಟ್ಟಿದ್ದು ಜನರ ಬಾಯಿಗೆ ಒಳ್ಳೆಯ ಮೇವಾಯಿತು. ಅವಳ ರವಿಕೆಯ ಅಳತೆ ತೆಗೆದವನು ಅವನೇ, ನಾನೇ ಕಣ್ಣಾರೆ ನೋಡಿದ್ದೆ ಅನ್ನುವವರೂ ಹುಟ್ಟಿಕೊಂಡರು. ನಾನು ಹೋಟೆಲಿನಲ್ಲಿ ಕೂತು ಅದನ್ನೆಲ್ಲ ಕೇಳಿದೆ. ಬಾಯಿ ಬಿಡಲಿಲ್ಲ. ಅದು ನಾನು ಮಾಡಿದ ಎರಡನೆಯ ಕೊಲೆ ಅಂತ ಈಗ ಅನ್ನಿಸುತ್ತದೆ.

ಮಂಚಮ್ಮ ಮಾತ್ರ ಒಪ್ಪಲಿಲ್ಲ. ನಾನು ಹೂಕೊಪ್ಪಲಿನೊಳಗೆ ಸುತ್ತು ಹಾಕುವಾಗ ದಿನಾ ಬಾಗಿಲಿಗೆ ಬಂದು ನಿಂತು ಕೇಳುವಳು. “ಚೆಲುವಣ್ಣ, ದಾರೀಲಿ ನಮ್ ಸಿಂಗಾರಿ ಏನಾದ್ರೂ ಕಂಡ್ಲಾ?”

“ಇಲ್ಲ ಕಣವ್ವ” ಅನ್ನುತ್ತಿದ್ದೆ. ಸುಳ್ಳಲ್ಲ. ಕಂಡಿರಲಿಲ್ಲ.

ಹನ್ನೊಂದು ತಿಂಗಳು ಹೀಗೇ ನಡೆಯಿತು. ಒಂದು ಆಶ್ಚರ್ಯ ಹೇಳುತ್ತೇನೆ. ಆ ಹನ್ನೊಂದು ತಿಂಗಳಲ್ಲಿ ನನ್ನ ಮಂಡಿ ಒಮ್ಮೆಯೂ ಕೈಕೊಡಲಿಲ್ಲ. ಜಾಲಿಗಿಡದ ಹತ್ತಿರ ಬರುತ್ತಿದ್ದಂತೆ ಚಕ್ರದಡಿ ಟಿಣ್ ಅನ್ನುವುದು, ನನ್ನ ಕಾಲುಗಳು ಹುಚ್ಚು ಹಿಡಿದಂತೆ ತುಳಿಯುವುವು. ಚೆಲುವಯ್ಯನಿಗೆ ವಯಸ್ಸು ಹಿಂದಕ್ಕೆ ಹೋಗಿದೆ ಅಂತ ಊರಿನವರು ಹೊಗಳಿದರು. ಸುಂಕದಕಟ್ಟೆಯ ಯಜಮಾನ ಮುದ್ದೇಗೌಡರು ಸಭೆ ಸೇರಿಸಿ ನನ್ನ ಹೆಗಲಿಗೆ ಶಾಲು ಹೊದಿಸಿದರು. ಆ ಶಾಲನ್ನು ನಾನು ಒಂದು ದಿನವೂ ಹೊದೆಯಲಿಲ್ಲ.

ಅಕ್ಕ ಮೂರು ತಿಂಗಳು ಚೊಂಬು ಹಿಡಿದಳು. ಒಂದು ದಿನ ಚೊಂಬು ಕೊಡುವಾಗ ಕೈಬಿಡದೆ ನಾಲ್ಕು ಹೆಜ್ಜೆ ನನ್ನ ಜೊತೆಗೇ ನಡೆದಳು.

“ಊರಿಗೋಗಿ ನೀನು ಹೇಳ್ತೀಯ ಅನ್ಕಂಡಿದ್ದೆ ಕಣೋ.”

“ನೀನು ಅವಳನ್ನ ತಡೀತೀಯ ಅನ್ಕಂಡಿದ್ದೆ ನಾನು.”

“ಬಾಯಿಗೆ ಬಂದಿತ್ತು” ಅಂದಳು. “ಹೇಳುದ್ರೆ ನಿನ್ ಗೆರೆ ಹೋಯ್ತಿತ್ತು, ನಮ್ಮೂರೂ ಹೋಯ್ತಿತ್ತು. ಅವ್ಳು ನಗ್ನಗ್ತಾ ಗಂಟೆ ಹೊಡ್ಕಂಡು ಹೊಂಟೋದ್ಲು.” ಕೈ ಬಿಟ್ಟಳು. ಮರುದಿನದಿಂದ ಅವಳು ನಿಲ್ಲಲಿಲ್ಲ. ಏರಿನ ಬುಡದ ಕಲ್ಲಿನ ಮೇಲೆ ಚೊಂಬು ಇಟ್ಟು ಹೋಗಿರುತ್ತಿದ್ದಳು. ನಾನು ಬಾಗಿ ಎತ್ತಿಕೊಳ್ಳುವುದು ಕಲಿತೆ.

ಒಂದು ದಿನ ಕಲ್ಲಿನ ಮೇಲೆ ಚೊಂಬು ಇರಲಿಲ್ಲ. ಏರಿನಲ್ಲಿ, ಜಾಲಿಗಿಡದ ಕೆಳಗೆ, ಅದನ್ನು ಹಿಡಿದುಕೊಂಡು ಮಂಚಮ್ಮ ನಿಂತಿದ್ದಳು.

“ಕಲ್ ಮೇಲಿದ್ರೆ ಇರುವೆ ಹತ್ತುತ್ತೆ ಅಂತ ತಂದೆ ಚೆಲುವಣ್ಣ. ಮಗಳು ಹೋದಾಗಿಂದ ಬೆಳಿಗ್ಗೆ ನಂಗೇನು ಕೆಲಸ, ದಿನಾ ನಾನೇ ಕೊಡ್ತೀನಿ” ಅಂದಳು.

ನಾನು ಕೈ ಚಾಚಿದೆ. ಚಕ್ರದಡಿ ಗಂಟೆ ಬಾರಿಸಿತು. ಟಿಣ್, ಕಟ.

ಮಂಚಮ್ಮ ಚೊಂಬು ಕೊಡಲಿಲ್ಲ. ನನ್ನ ಹ್ಯಾಂಡಲಿನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ನಾನು ತುಳಿಯುತ್ತಲೇ ಇದ್ದೆ. ಆ ಏರಿನಲ್ಲಿ ನನ್ನ ಸೈಕಲ್ಲಿನ ಓಟ ಮುದುಕಿಯ ನಡಿಗೆಗಿಂತ ಹೆಚ್ಚೇನಲ್ಲ. ಅವಳು ಪಕ್ಕದಲ್ಲೇ ನಡೆದುಬಂದಳು.

“ನಿನ್ ಗಾಡೀಲಿ ಗಂಟೆ ಇಲ್ವಲ್ಲ” ಅಂದಳು.

ನಾನು ಎದ್ದು ನಿಂತು ತುಳಿದೆ.

“ಅದು ನಮ್ ಹುಡುಗಿ ಗಂಟೆ. ಒಡೆದೋಗೈತೆ, ಬೇರೆ ಹಾಕಿಸ್ಕೊಳೇ ಅಂತ ನಾನೇ ಬಯ್ದಿದ್ದೆ.” ಸ್ವಲ್ಪ ನಡೆದಳು. “ಎಷ್ಟು ದಿನದಿಂದ ಕೇಳ್ತಿದ್ದೀಯಣ್ಣ?”

“ಮೊದ್ಲಿಂದ್ಲೂ” ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ತುಳಿಯುತ್ತ, ಏದುಸಿರು ಬಿಡುತ್ತ, ಅವಳ ಮುಖ ನೋಡದೆ ಹೇಳಿದೆ. ಮಂಜು, ಮಂಡಿ, ಎಡಗಾಲು, ಬ್ರೇಕು, ಟೈಲರನ ಮಾತು ಕೇಳಿಕೊಂಡು ಸುಮ್ಮನೆ ಕೂತಿದ್ದು. ಅಕ್ಕನ ಹೆಸರು ಮಾತ್ರ ಬಿಟ್ಟೆ. ಮಂಚಮ್ಮ ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ, ಸೈಕಲ್ಲನ್ನು ನೂಕುತ್ತಾಳೆ ಅಂತ ಕಾದೆ. ನೂಕಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

“ತಿರುಗ್ಸು” ಅಂದಳು. “ಜಾಲಿಗಿಡದತ್ರ ಹೋಗಿ ಕಾಲೂರು.”

“ಊರಿದ್ರೆ ನಿಮ್ಮೂರಿಗೆ ದಾರಿ ಇರಲ್ಲ ಕಣವ್ವ. ನಲವತ್ತು ಮನೆ.”

“ನಲವತ್ತು ಮನೇಲಿ ಯಾರು ನನ್ ಮಗಳ ಪರವಾಗಿ ಒಂದು ಮಾತಾಡುದ್ರು? ಕಾಲೂರು ಚೆಲುವಣ್ಣ.”

ಆ ಇಕ್ಕಟ್ಟಿನಲ್ಲಿ ಬಂಡೆಗೆ ಮೈ ಉಜ್ಜಿಕೊಂಡು ಸೈಕಲ್ಲು ತಿರುಗಿಸಿ ಗಿಡದವರೆಗೆ ಇಳಿದೆ, ಮತ್ತೆ ಏರಿನ ಕಡೆಗೆ ತಿರುಗಿಸಿಕೊಂಡೆ. ಎಡಗಾಲು ಊರಿದೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಗಂಟೆ ನೆಲದ ಮೇಲೆ ಕೇಳಿತು, ಸ್ವಚ್ಛವಾಗಿ, ಒಂದು ಮಾರು ದೂರದಲ್ಲಿದ್ದಂತೆ. ಮಂಚಮ್ಮ ಬಗ್ಗಿ ಚೊಂಬನ್ನು ಚೆಲ್ಲದ ಹಾಗೆ ಕಲ್ಲಿಗೆ ಒರಗಿಸಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬಂದೆ ಕಣೇ ಸಿಂಗಾರಿ” ಅಂತ ಕೂಗಿ ನನ್ನ ಹಿಂದಿನ ಚಕ್ರದ ಪಕ್ಕ ಕಾಲಿಟ್ಟಳು. ನಾನು ತಿರುಗುವಷ್ಟರಲ್ಲಿ ಅಲ್ಲಿ ಚೊಂಬು ಮಾತ್ರ ಇತ್ತು.

ಊರಿಗೆ ಬಂದು ಸೈಕಲ್ಲನ್ನು ನೇತುಹಾಕಿದೆ. ಈ ಸಲ ಎಲ್ಲರಿಗೂ ಎಲ್ಲವನ್ನೂ ಹೇಳಿದೆ, ಟೈಲರನ ಕತೆ ಕಟ್ಟಿದವರ ಹೆಸರನ್ನೂ ಸೇರಿಸಿ. ಯಾರೂ ನನ್ನ ಮೇಲೆ ಕೈ ಮಾಡಲಿಲ್ಲ. ಮುದ್ದೇಗೌಡರು ಶಾಲು ವಾಪಸು ಕೇಳಿದರು, ಕೊಟ್ಟೆ. ಸೋಮಾರಿ ಗೆರೆಯ ಒಬ್ಬ ಹುಡುಗಿ ನನ್ನ ಗೆರೆ ವಹಿಸಿಕೊಳ್ಳುತ್ತೇನೆ ಅಂದಳು. ಗಟ್ಟಿ ಕಾಲಿನವಳು, ಏಳನೆಯ ದಿಣ್ಣೆ ಅವಳಿಗೆ ಲೆಕ್ಕವೇ ಅಲ್ಲ. ಹತ್ತುವವರು ಯಾರೂ ಇಲ್ಲ ಅಂತ ನಾನು ಅಂದುಕೊಂಡಿದ್ದು ಬರೀ ನನ್ನ ಜಂಬ. ನಾನು ಯಾರನ್ನೂ ಕೇಳಿರಲೇ ಇಲ್ಲ.

ಈಗ ಅವಳು ದಿನಾ ಬೆಳಿಗ್ಗೆ ಏಳನೆಯ ದಿಣ್ಣೆಯ ನೆತ್ತಿಯವರೆಗೆ ಗೆರೆ ಹಾಕಿ ಅಲ್ಲಿಂದಲೇ ತಿರುಗುತ್ತಾಳೆ. ಕೆಳಗಿಳಿದರೆ ಕಡಿತ ಮುಚ್ಚುತ್ತದೆ, ಒಳಗಿರುವ ತಾಯಿ ಮಗಳು ಒಳಗೇ. ಇಳಿಯದಿದ್ದರೆ ಹೂಕೊಪ್ಪಲಿಗೆ ರಾಗಿ ಇಲ್ಲ. ಹೊರಡುವ ಮುಂಚೆ ಮುದ್ದೇಗೌಡರು ಸುಂಕದಕಟ್ಟೆಯಲ್ಲಿ ಎಲ್ಲರ ಮುಂದೆ ಕೇಳುತ್ತಾರೆ. “ಇವತ್ತು ಇಳೀಬೇಕು ಅನ್ನೋರು ಕೈ ಎತ್ತಿ.” ಯಾರೂ ಎತ್ತುವುದಿಲ್ಲ. “ಇಳಿಯೋದೇ ಬೇಡ, ಹೂಕೊಪ್ಪಲು ಬಿಟ್ಟಾಕಾನ ಅನ್ನೋರು ಎತ್ತಿ.” ಅದಕ್ಕೂ ಯಾರೂ ಎತ್ತುವುದಿಲ್ಲ. “ಹಂಗಾದ್ರೆ ನಾಳೆ ನೋಡಾನ” ಅಂತ ಎದ್ದು ಹೋಗುತ್ತಾರೆ. ನಮ್ಮೂರಿನವರು ಕೆಟ್ಟವರಲ್ಲ. ನಾಳೆ ನೋಡೋಣ ಅನ್ನುತ್ತ ಇಪ್ಪತ್ತಮೂರು ದಿನ ಆಗಿದೆ.

ನಾನು ಹುಡುಗಿಯ ಹಿಂದೆ ನಡೆದುಕೊಂಡು ನೆತ್ತಿಗೆ ಹೋಗುತ್ತೇನೆ. ಮಧ್ಯಾಹ್ನ ಆಗುತ್ತದೆ. ಅಲ್ಲಿ ಕೂತರೆ ಮಂಚಮ್ಮನ ಕೂಗು ಕೇಳುತ್ತದೆ, ಆಮೇಲೆ ಗಂಟೆ. ಒಂದೊಂದು ದಿನ ಕೂಗಿಗೂ ಗಂಟೆಗೂ ನಡುವೆ ಹೆಚ್ಚು ಹೊತ್ತಿರುವುದಿಲ್ಲ, ಇನ್ನೇನು ಸಿಕ್ಕಳು ಅನ್ನಿಸುತ್ತದೆ. ಮರುದಿನ ಮತ್ತೆ ದೂರ. ಅದರಾಚೆ, ಕೆಳಗೆ, ನಲವತ್ತು ಚಾವಣಿ ಕಾಣುತ್ತವೆ. ಮೊದಲೆಲ್ಲ ಜನ ಏರಿನ ಬುಡಕ್ಕೆ ಬಂದು ನನ್ನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಈಗ ಬರುವುದಿಲ್ಲ. ಹೂವನ್ನು ಕೀಳುವವರಿಲ್ಲದೆ ಹೊಲಗಳೆಲ್ಲ ಕೇಸರಿ ಬಣ್ಣಕ್ಕೆ ತಿರುಗಿವೆ. ಒಲೆ ಹಚ್ಚಿದ ಮನೆಗಳ ಹೊಗೆ ನೋಡುತ್ತೇನೆ. ಹೋದ ವಾರ ಹತ್ತು ಹನ್ನೆರಡು ಮನೆಯಲ್ಲಿತ್ತು. ಅಕ್ಕನ ಮನೆಯಲ್ಲಿ ತಪ್ಪದೆ ಇರುತ್ತಿತ್ತು, ಅವಳು ಯಾವತ್ತೂ ಒಂದಿಷ್ಟು ಹಿಟ್ಟು ಎತ್ತಿಟ್ಟುಕೊಳ್ಳುವವಳು.

ನಿನ್ನೆ ಅಕ್ಕನ ಮನೆಯಲ್ಲಿ ಹೊಗೆ ಏಳಲಿಲ್ಲ. ಬಿಸಿಲು ಇಳಿಯುವವರೆಗೂ ಕೂತಿದ್ದೆ. ಎದ್ದು ಬರುವಾಗ ಹಿಂದಿನಿಂದ ಮಂಚಮ್ಮ ಕೂಗಿದಳು, ಕೂಗಿನ ಹಿಂದೆಯೇ ಗಂಟೆ ಕೇಳಿತು, ತೀರಾ ಹತ್ತಿರದಲ್ಲಿ.

ಇವತ್ತು ಬೆಳಿಗ್ಗೆ ಸುಂಕದಕಟ್ಟೆಯಲ್ಲಿ ಎಲ್ಲರೂ ಸೇರಿದ್ದರು. ಹುಡುಗಿ ಸೀಟಿನ ಮೇಲೆ ಕೂತು, ಕಟ್ಟೆಗೆ ಕೈ ಆನಿಸಿಕೊಂಡು ಅಪ್ಪಣೆಗೆ ಕಾಯುತ್ತಿದ್ದಳು. ಮುದ್ದೇಗೌಡರು ಇಳಿಯಬೇಕು ಅನ್ನುವವರು ಕೈ ಎತ್ತಿ ಅಂದರು. ನನ್ನ ಬಲಗೈ ತೊಡೆಯ ಮೇಲಿನಿಂದ ಎದ್ದಿತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ.

“ಏನಾದ್ರೂ ಹೇಳದೈತೇನಯ್ಯ ಚೆಲುವಯ್ಯ?” ಅಂತ ಗೌಡರು ಕೇಳಿದರು.

“ಇಲ್ಲ ಗೌಡ್ರೆ” ಅಂದೆ.